ಮೊದಲ ಸಾಲು ಮೊದಲ ಬಸ್ಸಿನವರಿಗೆ

ಬಿಡದಿಯ ವಂಡರ್‌ಲಾದಲ್ಲಿ ಬೆಳಗಾಗುವುದು 11 ಗಂಟೆಗೆ. ಆ ಹೊತ್ತಿಗೆ ಗೇಟಿನ ಮುಂದೆ ನಿಂತಿರಬೇಕೆಂದರೆ ಅರಸೀಕೆರೆಯಲ್ಲಿ 4 ಗಂಟೆಗೇ ಬೆಳಗಾಗಬೇಕು. ಬೇಲೂರು, ಹಳೇಬೀಡಿನ ಕಡೆಯ ಹಳ್ಳಿಯವರಿಗೆ ಇನ್ನೂ ಮುಂಚೆ. ಕಾಲೇಜು ಪ್ರವಾಸ ಎಂದರೆ ಬಸ್ಸಿನಲ್ಲಿ ಡ್ಯಾನ್ಸು, ದಾರಿಯುದ್ದಕ್ಕೂ ರೀಲ್ಸು ಅಂದುಕೊಳ್ಳುತ್ತೇವೆ. ಆದರೆ ಆ ದಿನ ಯಾರಿಗೆ ಎಷ್ಟು ಆಟ ಸಿಕ್ಕಿತು ಎನ್ನುವುದು ಬಹುಮಟ್ಟಿಗೆ ಬಸ್ಸು ಎಷ್ಟು ಗಂಟೆಗೆ ಹೊರಟಿತು ಎನ್ನುವುದರಲ್ಲೇ ತೀರ್ಮಾನವಾಗಿರುತ್ತದೆ. ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಕಾಲೇಜುಗಳಲ್ಲಿ ಪ್ರವಾಸದ ಪಟ್ಟಿ ಓಡಾಡತೊಡಗುತ್ತದೆ. ಹೆಸರು ಬರೆಸುವ ಮೊದಲು ಈ ಬೆಳಗಿನ ಲೆಕ್ಕವನ್ನೊಮ್ಮೆ ನೋಡಿ ಎಂದು ಹೇಳುವುದಕ್ಕೇ ಈ ಬರಹ.

ಪದವಿಯ ಕೊನೆಯ ವರ್ಷ ನಮ್ಮ ತರಗತಿಯ ಪ್ರವಾಸದ ಜಮಾ-ಖರ್ಚು ಬರೆದವನು ನಾನು. ತಲೆಗೆ 2,200 ರೂಪಾಯಿ. 48 ಮಂದಿ ಕೊಟ್ಟರು. ಕೆಲವರು ಒಂದೇ ಸಲ ಕೊಟ್ಟರೆ, ಕೆಲವರು ನಾಲ್ಕು ಕಂತು ಮಾಡಿದರು. ‘ಕೊಬ್ಬರಿ ಮಾರಿದ ಮೇಲೆ ಕೊಡ್ತೀನಿ ಕಣೋ’ ಅಂದವರಿದ್ದರು. ಡೇರಿಯಲ್ಲಿ ಹಾಲಿನ ಬಟವಾಡೆ ಆಗಲಿ ಅಂದವರಿದ್ದರು. ಬೆಂಗಳೂರಿನ ಹುಡುಗರಿಗೆ ವಂಡರ್‌ಲಾ ಒಂದು ಭಾನುವಾರದ ವಿಷಯ. ಈ ಸಲ ಆಗದಿದ್ದರೆ ಮುಂದಿನ ತಿಂಗಳು. ನಮ್ಮ ತರಗತಿಯ ಬಹುತೇಕರಿಗೆ ಅದು ಓದು ಮುಗಿಯುವುದರೊಳಗೆ ಒಂದೇ ಒಂದು ದಿನ. ಆಮೇಲೆ ಕೆಲಸ ಹುಡುಕಬೇಕು, ಹುಡುಗಿಯರಲ್ಲಿ ಕೆಲವರಿಗೆ ಮದುವೆ. ಹಾಗಾಗಿ ಆ ಒಂದು ದಿನದ ಏಳು ಗಂಟೆಯಲ್ಲಿ ನಾಲ್ಕು ಗಂಟೆ ಸಾಲಿನಲ್ಲೇ ನಿಂತು ಕಳೆದರೆ ಅದು ಸಣ್ಣ ನಷ್ಟವಲ್ಲ.

ಸಾಲು ಹುಟ್ಟುವ ಬಗೆ

ವಂಡರ್‌ಲಾ ಬಿಡದಿಗೆ ಬಂದದ್ದು 2005ರಲ್ಲಿ. ಅಲ್ಲಿ 60ಕ್ಕೂ ಹೆಚ್ಚು ಆಟಗಳಿವೆ. ಆದರೆ ಬಂದವರೆಲ್ಲ ಮೊದಲು ಓಡುವುದು ನಾಲ್ಕೈದು ಆಟಗಳ ಕಡೆಗೆ. ಮುಂದಕ್ಕೂ ಹಿಂದಕ್ಕೂ ಎಳೆದೊಯ್ಯುವ ರಿಕಾಯಿಲ್, ಎತ್ತರಕ್ಕೆ ಒಯ್ದು ಕೈಬಿಡುವ ಫ್ಲ್ಯಾಶ್ ಟವರ್, ಮೇವರಿಕ್ ಇಂಥವು. ಸಾಲು ಬೆಳೆಯುವುದು ಇವುಗಳ ಮುಂದೆಯೇ.

ಸಾಲು ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಲೆಕ್ಕ ನೋಡೋಣ. ಒಂದು ಆಟದಲ್ಲಿ 24 ಸೀಟು. ಹತ್ತಿಸಿ, ಬೆಲ್ಟು ಹಾಕಿ, ಸುತ್ತಿಸಿ, ಇಳಿಸುವುದಕ್ಕೆ ಮೂರು ನಿಮಿಷ. ಅಂದರೆ ಗಂಟೆಗೆ 20 ಸುತ್ತು, 480 ಜನ. ಈಗ ಗಂಟೆಗೆ 800 ಮಂದಿ ಆ ಆಟಕ್ಕೆ ಬಂದರು ಅಂದುಕೊಳ್ಳಿ. ಮೊದಲ ಗಂಟೆ ಮುಗಿದಾಗ 320 ಮಂದಿ ಸಾಲಿನಲ್ಲಿ ಉಳಿದಿರುತ್ತಾರೆ. ಆಗ ಬಂದು ಕೊನೆಗೆ ನಿಂತವನಿಗೆ 40 ನಿಮಿಷ ಕಾಯುವ ಕೆಲಸ. ಎರಡನೇ ಗಂಟೆ ಮುಗಿದಾಗ ಸಾಲಿನಲ್ಲಿ 640 ಮಂದಿ. ಆಗ ಬಂದವನು 80 ನಿಮಿಷ ಕಾಯಬೇಕು. ಇಬ್ಬರೂ ಕೊಟ್ಟ ಟಿಕೆಟ್ ದುಡ್ಡು ಒಂದೇ, ಆಡಿದ ಆಟವೂ ಒಂದೇ. ಒಂದು ಗಂಟೆ ತಡವಾಗಿ ಬಂದದ್ದಕ್ಕೆ ಇನ್ನೂ 40 ನಿಮಿಷ ಹೆಚ್ಚಿಗೆ ದಂಡ.

ಈ ಲೆಕ್ಕದಲ್ಲಿ ನಮ್ಮ ಕಣ್ಣಿಗೆ ಬೀಳದ ಇನ್ನೊಂದು ಸಂಗತಿ ಇದೆ. ಆಟ ಶುರುವಾದ ಮೊದಲ ಹದಿನೈದು ಇಪ್ಪತ್ತು ನಿಮಿಷ ಎಷ್ಟೋ ಸೀಟುಗಳು ಖಾಲಿಯೇ ಸುತ್ತುತ್ತವೆ. ಜನ ಇನ್ನೂ ಟಿಕೆಟ್ ಕೌಂಟರಿನಲ್ಲಿ, ಲಾಕರಿನ ಹತ್ತಿರ, ಗೇಟಿನ ಮುಂದಿನ ಫೋಟೊದಲ್ಲಿ ಇರುತ್ತಾರೆ. ಬೇಗ ಬಂದವನು ಆ ಖಾಲಿ ಸೀಟಿನಲ್ಲಿ ಕೂರುತ್ತಾನೆ. ಅವನು ಯಾರ ಸರದಿಯನ್ನೂ ಕಸಿದುಕೊಂಡಿರುವುದಿಲ್ಲ. ಮಧ್ಯಾಹ್ನದ ಸಾಲಿನಲ್ಲಿ ಒಬ್ಬ ಕಡಿಮೆಯಾದ ಹಾಗೂ ಆಯಿತು. ಹೊರದೇಶಗಳ ದೊಡ್ಡ ಪಾರ್ಕುಗಳಲ್ಲಿ ಇದನ್ನೇ ‘ರೋಪ್ ಡ್ರಾಪ್’ ಅನ್ನುತ್ತಾರೆ. ಬಾಗಿಲಿಗೆ ಅಡ್ಡ ಕಟ್ಟಿದ ಹಗ್ಗ ಇಳಿಸುವ ಮೊದಲೇ ಬಂದು ನಿಂತಿದ್ದು, ಇಳಿಸಿದ ಕೂಡಲೇ ಎಲ್ಲರಿಗೂ ಬೇಕಾದ ಆಟಕ್ಕೆ ನೇರ ನಡೆಯುವುದು. ಹೆಸರು ಹೊಸದು, ಬುದ್ಧಿ ನಮ್ಮ ಸಂತೆಯದೇ. ಒಳ್ಳೆಯ ತರಕಾರಿ ಬೇಕಾದವರು ಬೆಳಕು ಹರಿಯುವ ಮುಂಚೆ ಹೋಗುತ್ತಾರೆ.

ನಾವೂ ಹಾಗೇ ಮಾಡಿದೆವು. 4.15ಕ್ಕೆ ಬಸ್ಸು ಹೊರಟಿತು. ಕುಣಿಗಲ್ಲಿನಲ್ಲಿ ಇಡ್ಲಿ. 10.15ಕ್ಕೆ ಗೇಟಿನ ಮುಂದೆ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದಿಟ್ಟಿದ್ದೆವು, ಕಾಲೇಜಿನ ಗುರುತಿನ ಚೀಟಿ ಎಲ್ಲರ ಕೈಯಲ್ಲಿತ್ತು. ಒಳಗೆ ಬಿಟ್ಟ ಕೂಡಲೇ ಅರ್ಧ ಜನ ಫೋಟೊಕ್ಕೆ ನಿಂತರು. ‘ಫೋಟೊ ಆಮೇಲೆ ಕಣ್ರೋ, ಗೇಟೇನು ಓಡಿಹೋಗಲ್ಲ, ನಡೀರಿ’ ಎಂದು ನಮ್ಮ ಮೇಷ್ಟ್ರೇ ಗದರಿಸಿದರು. ಮೊದಲ 50 ನಿಮಿಷದಲ್ಲಿ ದೊಡ್ಡ ಆಟಗಳಲ್ಲಿ ಮೂರು ಮುಗಿದವು. ಊಟವನ್ನು ಎಲ್ಲರೂ ಏಳುವ ಹೊತ್ತಿಗೆ, ಎರಡೂವರೆಗೆ ಇಟ್ಟುಕೊಂಡೆವು. ಬಟ್ಟೆ ಒದ್ದೆಯಾಗುವ ನೀರಿನಾಟಗಳನ್ನು ಊಟದ ನಂತರಕ್ಕೆ ಬಿಟ್ಟೆವು. ಅಲೆಯ ಕೊಳಕ್ಕೆ ಎಷ್ಟು ಜನ ಇಳಿದರೂ ಅಲ್ಲಿ ಸಾಲಿಲ್ಲ, ಅದು ಕೊನೆಗೆ ಇದ್ದರೂ ನಡೆಯುತ್ತದೆ. ಇಷ್ಟೇ ಗುಟ್ಟು. ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕಿಗೆ ಹೋಗುವವರಿಗೂ ಇದೇ ಲೆಕ್ಕ.

ಬೇಗ ಏಳುವುದು ಎಲ್ಲರಿಗೂ ಒಂದೇ ಅಲ್ಲ

ಇಲ್ಲಿಗೇ ನಿಲ್ಲಿಸಿದ್ದರೆ ಇದು ‘ಬೇಗ ಏಳಿ, ಯಶಸ್ಸು ಗಳಿಸಿ’ ಎನ್ನುವ ಇನ್ನೊಂದು ಉಪದೇಶವಾಗುತ್ತಿತ್ತು. ಬೆಳಗ್ಗೆ ಏಳುವುದು ಮನಸ್ಸಿನ ಗಟ್ಟಿತನದ ವಿಷಯ ಎಂದು ಹೇಳುವವರು ಸಾಮಾನ್ಯವಾಗಿ ಬಸ್ ಸ್ಟ್ಯಾಂಡಿನ ಹತ್ತಿರ ಮನೆ ಇರುವವರು.

ನಮ್ಮ ಪಟ್ಟಿಯಲ್ಲಿದ್ದ 48 ಮಂದಿಯಲ್ಲಿ ಬಸ್ಸು ಹತ್ತಿದವರು 46. ದುಡ್ಡು ಕಟ್ಟಿದ್ದ ಇಬ್ಬರು ಹುಡುಗಿಯರು ಬರಲಿಲ್ಲ. ಮೂರೂವರೆ ಗಂಟೆಯ ಕತ್ತಲಲ್ಲಿ ಹಳ್ಳಿಯಿಂದ ಅರಸೀಕೆರೆಗೆ ಕರೆತರುವವರು ಅವರ ಮನೆಯಲ್ಲಿ ಯಾರೂ ಇರಲಿಲ್ಲ. ಜಾವಗಲ್ ಕಡೆಯ ಒಬ್ಬಳನ್ನು ಅವಳ ಅಣ್ಣ ಬೈಕಿನಲ್ಲಿ ಕರೆತಂದ, ಸ್ವೆಟರಿನ ಮೇಲೆ ಶಾಲು ಹೊದ್ದು ನಡುಗುತ್ತಾ ಇಳಿದಳು. ಇನ್ನು ಮೂವರು ಹಿಂದಿನ ರಾತ್ರಿಯೇ ಊರಿನಲ್ಲಿದ್ದ ಗೆಳತಿಯ ಮನೆಯಲ್ಲಿ ಉಳಿದರು. ಆ ತಾಯಿ ಮೂರು ಗಂಟೆಗೆದ್ದು ಎಲ್ಲರಿಗೂ ಚಿತ್ರಾನ್ನ ಕಟ್ಟಿಕೊಟ್ಟರು. ಯಾರದೂ ಸೋಮಾರಿತನವಲ್ಲ. ಅಣ್ಣನಿದ್ದವಳಿಗೆ, ಗೆಳತಿಯ ಮನೆ ಇದ್ದವರಿಗೆ ಬೆಳಗಿನ ಮೊದಲ ಸಾಲು ಸಿಕ್ಕಿತು, ಎರಡೂ ಇಲ್ಲದವರಿಗೆ ಪಾರ್ಕೇ ಸಿಗಲಿಲ್ಲ.

ಬಸ್ಸನ್ನು ತಡವಾಗಿ, 6 ಗಂಟೆಗೆ ಹೊರಡಿಸಿದ್ದರೆ ಆ ಇಬ್ಬರೂ ಬರುತ್ತಿದ್ದರು, ಆದರೆ 48 ಮಂದಿಯೂ ಮಧ್ಯಾಹ್ನದ ಸಾಲಿನಲ್ಲಿ ನಿಲ್ಲುತ್ತಿದ್ದರು. ಇವೆರಡರಲ್ಲಿ ಒಂದನ್ನು ಆರಿಸಬೇಕಾಗಿ ಬರುವುದೇ ನಮ್ಮಂಥ ಊರುಗಳ ಕಷ್ಟ. ಆರಿಸಬೇಕಾದ ಸ್ಥಿತಿಯೇ ಬಾರದಂತೆ ಮಾಡುವ ದಾರಿ ಇದೆ. ಹಿಂದಿನ ರಾತ್ರಿ ಹುಡುಗಿಯರು ಉಳಿಯಲು ಒಂದು ಕೋಣೆ, ಜತೆಗೊಬ್ಬರು ಮೇಡಂ, ಇಷ್ಟನ್ನು ಕಾಲೇಜು ಮಾಡಿದರೆ ಸಾಕು. ಪ್ರವಾಸದ ಬಜೆಟ್ಟಿನಲ್ಲಿ ಇದಕ್ಕೆ ತಗಲುವ ಖರ್ಚು ತೀರಾ ಕಡಿಮೆ.

ದುಡ್ಡಿನ ಬೆಳಗು

ಬೇಗ ಏಳಲಾಗದವರಿಗೆ ಪಾರ್ಕುಗಳು ಬೇರೊಂದು ಬೆಳಗನ್ನು ಮಾರುತ್ತವೆ. ವಂಡರ್‌ಲಾದಲ್ಲಿ ಅದರ ಹೆಸರು ಫಾಸ್ಟ್‌ಟ್ರ್ಯಾಕ್ ಟಿಕೆಟ್. ಹೆಚ್ಚಿನ ದುಡ್ಡು ಕೊಟ್ಟರೆ ಕಾಯುವುದು ಕಡಿಮೆ. ಇದು ಅವರೊಬ್ಬರ ರೂಢಿಯಲ್ಲ, ಜಗತ್ತಿನ ಹೆಚ್ಚಿನ ದೊಡ್ಡ ಪಾರ್ಕುಗಳಲ್ಲಿ ಈಗ ಹೀಗೇ ಇದೆ. ಅಮೆರಿಕದ ಡಿಸ್ನಿ ವರ್ಲ್ಡ್ 1999ರಲ್ಲಿ ಫಾಸ್ಟ್‌ಪಾಸ್ ಶುರು ಮಾಡಿದಾಗ ಅದಕ್ಕೆ ಬೇರೆ ದುಡ್ಡಿರಲಿಲ್ಲ. ಚೀಟಿ ತೆಗೆದುಕೊಂಡು, ಅದರಲ್ಲಿ ಬರೆದ ಹೊತ್ತಿಗೆ ಬಂದರೆ ಸಾಕಿತ್ತು. ಬೇಗ ಬಂದವರಿಗೆ ಒಳ್ಳೆಯ ಹೊತ್ತಿನ ಚೀಟಿ ಸಿಗುತ್ತಿತ್ತು. 2021ರಲ್ಲಿ ಅದರ ಜಾಗಕ್ಕೆ ದುಡ್ಡು ಕೊಟ್ಟು ಪಡೆಯುವ ವ್ಯವಸ್ಥೆ ಬಂತು. ಬೇಗ ಬಂದವರ ಅನುಕೂಲ ಕೊಂಡವರ ಅನುಕೂಲವಾಗಲು 22 ವರ್ಷ ಹಿಡಿಯಿತು.

ಇದರಿಂದ ಸಾಮಾನ್ಯ ಸಾಲಿಗೆ ಏನಾಗುತ್ತದೆ? ಮೇಲಿನ ಲೆಕ್ಕಕ್ಕೇ ಮರಳೋಣ. 24 ಸೀಟಿನಲ್ಲಿ 8 ಸೀಟು ಹೆಚ್ಚು ದುಡ್ಡು ಕೊಟ್ಟವರಿಗೆ ಹೋದರೆ ಉಳಿದ ಸಾಲಿಗೆ ಸುತ್ತಿಗೆ 16 ಸೀಟು, ಗಂಟೆಗೆ 320. ಆಗ 320 ಮಂದಿಯ ಹಿಂದೆ ನಿಂತವನು 40 ನಿಮಿಷ ಕಾಯುತ್ತಿದ್ದದ್ದು 60 ನಿಮಿಷವಾಗುತ್ತದೆ. ಆ 20 ನಿಮಿಷ ಎಲ್ಲಿಂದಲೋ ಉದುರಿದ್ದಲ್ಲ. ಒಬ್ಬರ ಸಮಯ ಇನ್ನೊಬ್ಬರಿಗೆ ಮಾರಾಟವಾಯಿತು, ದುಡ್ಡು ಮೂರನೆಯವರಿಗೆ ಹೋಯಿತು. ಬೇಗ ಬಂದವನು ಖಾಲಿ ಸೀಟಿನಲ್ಲಿ ಕೂತರೆ, ಹೆಚ್ಚು ದುಡ್ಡು ಕೊಟ್ಟವನು ಕೂರುವುದು ಕಾಯುತ್ತಿರುವವರ ಸೀಟಿನಲ್ಲಿ. ಎರಡನ್ನೂ ‘ಜಾಣತನ’ ಎಂಬ ಒಂದೇ ಹೆಸರಿನಿಂದ ಕರೆಯುವುದು ಸರಿಯಲ್ಲ.

‘ಖಾಸಗಿ ಪಾರ್ಕು, ಅವರ ಇಷ್ಟ. ನಿನಗೆ ಬೇಡವಾದರೆ ಹೋಗಬೇಡ’ ಎಂದು ಗೆಳೆಯನೊಬ್ಬ ವಾದಿಸುತ್ತಾನೆ. ಹೆಚ್ಚು ಕೊಡಬಲ್ಲವರಿಂದ ಹೆಚ್ಚು ತೆಗೆದುಕೊಂಡರೆ ಉಳಿದವರ ಟಿಕೆಟ್ ದರ ಏರುವುದು ತಪ್ಪುತ್ತದೆ ಎನ್ನುವುದೂ ಅವನದೇ ಮಾತು. ಆ ಮಾತಿನಲ್ಲಿ ತೂಕವಿದೆ. ಹಾಗಾಗಿ ಆ ಟಿಕೆಟ್ಟನ್ನೇ ತೆಗೆಯಿರಿ ಎಂದು ನಾನು ಕೇಳುವುದಿಲ್ಲ. ಕೇಳುವುದು ಒಂದೇ: ದಿನದ ಮೊದಲ ಒಂದು ಗಂಟೆ ಎಲ್ಲ ಆಟಗಳಿಗೂ ಒಂದೇ ಸಾಲು ಇರಲಿ. ವಯಸ್ಸಾದವರು, ಅಂಗವಿಕಲರಿಗೆ ಬಿಟ್ಟರೆ ಆ ಗಂಟೆಯಲ್ಲಿ ಬೇರೆ ಯಾರಿಗೂ ಅಡ್ಡದಾರಿ ಬೇಡ. ನೂರಾರು ಕಿಲೋಮೀಟರ್ ದೂರದಿಂದ ಕತ್ತಲಲ್ಲಿ ಹೊರಟು ಬಂದವರಿಗೆ ಆ ಒಂದು ಗಂಟೆ ಸಿಗಲಿ. ಪಾರ್ಕಿಗೆ ಇದರಿಂದ ಹೆಚ್ಚೇನೂ ನಷ್ಟವಿಲ್ಲ. ಬೆಳಗ್ಗೆ ಸಾಲೇ ಚಿಕ್ಕದಿರುವಾಗ ಅಡ್ಡದಾರಿಗೆ ಬೆಲೆಯೂ ಕಡಿಮೆ ತಾನೆ?

ಇದು ಆಟದ ಪಾರ್ಕಿಗೆ ಮಾತ್ರ ಸೇರಿದ ವಿಷಯ ಎಂದುಕೊಳ್ಳಬೇಡಿ. ನಮ್ಮ ಜಿಲ್ಲೆಯ ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವೇ ದಿನ. ಅಲ್ಲೂ ಧರ್ಮದರ್ಶನದ ಸಾಲು ಒಂದು, 300 ಮತ್ತು 1,000 ರೂಪಾಯಿಯ ಸಾಲುಗಳು ಬೇರೆ. ನಡುರಾತ್ರಿ ಬಂದು ನಿಂತವರು ಬೆಳಗಾದ ಮೇಲೂ ನಿಂತಿರುತ್ತಾರೆ. ಸಾಲಿನಲ್ಲಿ ನಿಂತವರ ಹೊತ್ತಿಗೂ ಬೆಲೆ ಇದೆ ಎನ್ನುವುದನ್ನು ದೇವಸ್ಥಾನದಲ್ಲಾಗಲಿ, ಪಾರ್ಕಿನಲ್ಲಾಗಲಿ ಮರೆಯಬಾರದು.

ನಮ್ಮ ಮನೆಯಂಗಳದ ಬೆಳಗು

ಬಿಡದಿ ದೂರ. ಬೇಲೂರು, ಹಳೇಬೀಡು ಹತ್ತಿರ. ಅಲ್ಲಿ ನಮಗೆ ಬೆಳಗು ಸಿಗುತ್ತಿದೆಯೇ?

2023ರ ಸೆಪ್ಟೆಂಬರ್ 18ರಂದು ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಮತ್ತು ಸೋಮನಾಥಪುರದ ಕೇಶವ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ರಜೆಯ ದಿನಗಳಲ್ಲಿ ಹತ್ತೂವರೆ ಹನ್ನೊಂದರ ಹೊತ್ತಿಗೆ ಶಾಲೆಯ ಬಸ್ಸು, ಟಿಟಿ, ಕಾರು ಎಲ್ಲ ಒಟ್ಟಿಗೇ ಬಂದು ನಿಲ್ಲುತ್ತವೆ. ಬೇಲೂರಿನ ನವರಂಗದೊಳಗೆ ಮೇಲೆ ನೋಡುತ್ತಾ ನಿಲ್ಲುವುದಕ್ಕೂ ಆಗ ಜಾಗವಿಲ್ಲ, ಹಿಂದಿನವರು ತಳ್ಳುತ್ತಿರುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು ಬಂದ ಕಾಲಿಗೆ ಅಂಗಳದ ಕಲ್ಲು ಕಾವಲಿಯಂತೆ ಸುಡುತ್ತದೆ. ಶಿಲ್ಪ ನೋಡಲು ಬಂದವರು ನೆರಳು ಹುಡುಕುತ್ತಾ ಓಡುತ್ತಾರೆ.

ಬೆಳಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋದರೆ ಅದೇ ಗುಡಿ ಬೇರೆಯೇ ಆಗಿರುತ್ತದೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ದೇವಾಲಯ ಪೂರ್ವಕ್ಕೆ ಮುಖ ಮಾಡಿದೆ. ಮುಂಬಾಗಿಲಿನ ಮೇಲಿನ ಮದನಿಕೆಯರಿಗೆ ಎಳೆಬಿಸಿಲು ಓರೆಯಾಗಿ ಬೀಳುತ್ತದೆ, ಬಳಪದ ಕಲ್ಲಿನಲ್ಲಿ ಕಡೆದ ಬಳೆ, ಹಾರ, ಬಳ್ಳಿಗಳ ನೆರಳು ಎದ್ದು ಕಾಣುತ್ತದೆ. ಪಾರ್ಕಿನ ಉಪಾಯ ಇಲ್ಲಿಗೂ ಹೊಂದುತ್ತದೆ. ಗುಂಪು ಬಂದ ಮೇಲೆ ನೋಡಲಾಗದ್ದನ್ನು ಮೊದಲು ನೋಡಬೇಕು. ಮದನಿಕೆಯರು ಒಟ್ಟು 42. ಹೊರಗಿನ 38ನ್ನು ಜನಸಂದಣಿಯಲ್ಲೂ ತಲೆಯೆತ್ತಿ ನೋಡಬಹುದು, ಒಳಗಿನ ನಾಲ್ವರನ್ನು ನೋಡಲಾಗುವುದಿಲ್ಲ. ಆದ್ದರಿಂದ ಮೊದಲು ಒಳಗೆ ಹೋಗಿ.

ಹಳೇಬೀಡಿನಲ್ಲಿ ಲೆಕ್ಕ ಸ್ವಲ್ಪ ಬೇರೆ. ಹೊಯ್ಸಳೇಶ್ವರದ ಬಾಗಿಲುಗಳೂ ಪೂರ್ವಕ್ಕಿವೆ. ಎರಡು ದೊಡ್ಡ ನಂದಿಗಳು, ಮುಂಭಾಗದ ಆನೆಯ ಸಾಲು, ಕುದುರೆಯ ಸಾಲುಗಳಿಗೆ ಬೆಳಗಿನ ಬಿಸಿಲು. ಆದರೆ ಅಲ್ಲಿಯ ದೊಡ್ಡ ಮೂರ್ತಿಗಳ ಹೆಚ್ಚಿನ ಭಾಗ ಗರ್ಭಗುಡಿಗಳ ಹಿಂದೆ, ಪಶ್ಚಿಮದ ಗೋಡೆಯಲ್ಲಿದೆ. ಅದಕ್ಕೆ ಸಂಜೆಯ ಬಿಸಿಲೇ ಚೆಂದ. ಎರಡೂ ಊರುಗಳ ನಡುವೆ 16 ಕಿ.ಮೀ. ಅಷ್ಟೇ. ಬೆಳಗ್ಗೆ ಬೇಲೂರು, ಸಂಜೆ ಹಳೇಬೀಡು ಎಂದು ದಿನವನ್ನು ಹಂಚಿಕೊಂಡರೆ ಎರಡೂ ಸರಿಯಾಗಿ ಸಿಗುತ್ತವೆ. ನಡುವಿನ ಬಿಸಿಲಿನ ಹೊತ್ತಿಗೆ ಬಸದಿಹಳ್ಳಿಯ ಪಾರ್ಶ್ವನಾಥ ಬಸದಿಯಿದೆ. ಕನ್ನಡಿಯಂತೆ ನುಣುಪಾದ ಅಲ್ಲಿನ ಕಂಬಗಳ ತಂಪಿನಲ್ಲಿ ಕೂರುವವರು ಕಡಿಮೆ.

ಇಷ್ಟೆಲ್ಲ ಗೊತ್ತಿದ್ದೂ ನಾವು ಹೋಗುವುದು ಹನ್ನೊಂದಕ್ಕೇ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ರೂಮು ಮಾಡಿ ಕಾರಿನಲ್ಲಿ ಬರುವವರಿಗೆ ಬೇಲೂರಿನ ಬೆಳಗು ಸಿಗುತ್ತದೆ. ಪಕ್ಕದ ತಾಲ್ಲೂಕಿನ ನಮಗೆ ಸಿಗುವುದಿಲ್ಲ. ಅರಸೀಕೆರೆ ದೊಡ್ಡ ರೈಲ್ವೆ ಜಂಕ್ಷನ್. ರಾತ್ರಿಯ ರೈಲು ಹತ್ತಿದರೆ 160 ಕಿ.ಮೀ. ಆಚೆಯ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದನ್ನು ನೋಡಬಹುದು. ಸುಮಾರು 40 ಕಿ.ಮೀ. ದೂರದ ಹಳೇಬೀಡಿನಲ್ಲಿ ಅದು ಸಾಧ್ಯವಿಲ್ಲ. ಆ ದಾರಿಗೆ ರೈಲಿಲ್ಲ. ಒಂದು ಭಾನುವಾರ ನಾವು ಐದು ಮಂದಿ ಹೊರಟಾಗ, ಬೆಳಕು ಹರಿಯುವ ಹೊತ್ತಿಗೆ ಇಳಿಸುವ ಬಸ್ಸು ಸಿಗದೆ, ಎರಡು ಬಸ್ಸು ಬದಲಿಸಿ ಬೇಲೂರು ಮುಟ್ಟಿದ್ದು ಬಿಸಿಲೇರಿದ ಮೇಲೆಯೇ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆ ಇಲ್ಲ. ಪ್ರವಾಸದ ಪಟ್ಟಿಯಿಂದ ಹೆಸರು ಹೊಡೆಸಿಕೊಂಡ ಆ ಇಬ್ಬರು ಗೆಳತಿಯರಿಗೂ ಬೇಲೂರಿನ ದಾರಿ ಈಗ ಪುಕ್ಕಟೆ. ಉಳಿದಿರುವುದು ಬಸ್ಸಿನ ಹೊತ್ತು. ಶನಿವಾರ, ಭಾನುವಾರ ಮಾತ್ರವಾದರೂ ಅರಸೀಕೆರೆಯಿಂದ ಜಾವಗಲ್, ಹಳೇಬೀಡು ದಾರಿಯಾಗಿ ಬೇಲೂರಿಗೆ ನಸುಕಿನಲ್ಲಿ ಒಂದು ಬಸ್ಸು, ಸಂಜೆ ಅದೇ ದಾರಿಯಲ್ಲಿ ವಾಪಸ್ ಒಂದು. ವಿಶ್ವ ಪರಂಪರೆಯ ಎರಡು ತಾಣಗಳನ್ನು ಇಟ್ಟುಕೊಂಡ ಜಿಲ್ಲೆಗೆ ಇದು ದೊಡ್ಡ ಬೇಡಿಕೆಯಲ್ಲ. ಆ ಬಸ್ಸಿನಲ್ಲಿ ಪ್ರವಾಸಿಗಳಷ್ಟೇ ಬರುವುದಿಲ್ಲ. ಹೂವಿನವರು, ತರಕಾರಿಯವರು, ವಾರದ ಕೊನೆಗೆ ಊರಿಗೆ ಹೋಗುವ ಹಾಸ್ಟೆಲ್ ಮಕ್ಕಳು ಎಲ್ಲರೂ ಹತ್ತುತ್ತಾರೆ.

ಕೆಲಸ ಹುಡುಕುವವರಿಗೂ

ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ಈ ಲೆಕ್ಕ ಇನ್ನೂ ಹತ್ತಿರದ್ದು. ಉದ್ಯೋಗ ಮೇಳವಾಗಲಿ, ವಾಕ್-ಇನ್ ಇಂಟರ್‌ವ್ಯೂ ಆಗಲಿ, ಅಲ್ಲೂ ಸೀಟು ಇಂತಿಷ್ಟೇ, ಗಂಟೆಗೆ ನೋಡುವವರು ಇಂತಿಷ್ಟೇ, ಬರುವವರು ಅದಕ್ಕಿಂತ ಹೆಚ್ಚು. ಮೊದಲ ಗಂಟೆಯಲ್ಲಿ ಕೂತು ಮಾತನಾಡಿಸುವವರು ಸಂಜೆಯ ಹೊತ್ತಿಗೆ ಫೈಲು ಇಸಿದುಕೊಂಡು ಕಳಿಸುತ್ತಾರೆ. ಅರಸೀಕೆರೆಯಿಂದ ರಾತ್ರಿ ರೈಲಿನಲ್ಲಿ ಹೊರಟು, ಯಶವಂತಪುರದ ಪ್ಲಾಟ್‌ಫಾರಂನಲ್ಲಿ ಮುಖ ತೊಳೆದು, ಶರ್ಟು ಬದಲಿಸಿ ಹೋದವರನ್ನು ನಾನು ಬಲ್ಲೆ. ಅವರು ಬೇಗ ತಲುಪಿದ್ದು ಶ್ರಮದಿಂದ ಹೌದು, ಆ ಹೊತ್ತಿಗೆ ರೈಲು ಇತ್ತು ಎನ್ನುವುದರಿಂದಲೂ ಹೌದು. ರೈಲೂ ಇಲ್ಲದ, ಮೊದಲ ಬಸ್ಸೂ ಇಲ್ಲದ ಊರಿನ ಹುಡುಗಿಗೆ ‘ನೀನು ಬೇಗ ಬರಬೇಕಿತ್ತು’ ಎನ್ನುವುದು ಯಾವ ನ್ಯಾಯ?

ಹಾಗಾಗಿ ಈ ಡಿಸೆಂಬರಿನಲ್ಲಿ ಪ್ರವಾಸದ ಪಟ್ಟಿ ನಿಮ್ಮ ಬೆಂಚಿಗೆ ಬಂದಾಗ ದುಡ್ಡೆಷ್ಟು ಎಂದು ಕೇಳುವ ಜತೆಗೆ ಇನ್ನು ಮೂರು ಪ್ರಶ್ನೆ ಕೇಳಿ. ಬಸ್ಸು ಹೊರಡುವುದು ಎಷ್ಟು ಗಂಟೆಗೆ? ಹಳ್ಳಿಯ ಹುಡುಗಿಯರು ಹಿಂದಿನ ರಾತ್ರಿ ಎಲ್ಲಿ ಉಳಿಯುತ್ತಾರೆ? ಶನಿವಾರ, ಭಾನುವಾರದ ಬದಲು ಜನ ಕಡಿಮೆ ಇರುವ ವಾರದ ನಡುವಿನ ದಿನ ಆಗುತ್ತದೆಯೇ? ಈ ಮೂರಕ್ಕೂ ಉತ್ತರ ಸಿಕ್ಕಿದರೆ ಹೆಸರು ಬರೆಸಿ, ಅಲಾರಂ ಇಟ್ಟು ಮಲಗಿ. ಸಿಗದಿದ್ದರೆ ಸಿಗುವವರೆಗೂ ಕೇಳಿ. ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಬಸ್ಸಿನಲ್ಲೂ ಇರಬೇಕು.